ಮೈಲುತುತ್ತಕ್ಕೆ ಸುಣ್ಣವೆಷ್ಟು?



ರಸಾಯನಶಾಸ್ತ್ರದ ಪಾಠಗಳಲ್ಲಿ ಮಕ್ಕಳನ್ನು ಎಲ್ಲಕ್ಕಿಂತ ಹೆಚ್ಚಾಗಿ ಹೆದರಿಸುವುದು ತೂಕದ ಲೆಕ್ಕಗಳ ಪಾಠ. ಇಷ್ಟು ತೂಕದ ಒಂದು ವಸ್ತುವು ಪೂರ್ಣವಾಗಿ ವರ್ತಿಸಬೇಕಾದರೆ ಇನ್ನೊಂದು ವಸ್ತು ಎಷ್ಟು ಬೇಕು, ಅವುಗಳಿಂದ ಉಂಟಾಗುವ ವಸ್ತುವಿನ ತೂಕ ಎಷ್ಟು ಎಂಬುದೇ ಈ ಲೆಕ್ಕಗಳ ಸ್ವರೂಪ. ಪರೀಕ್ಷೆಯಲ್ಲಿ ಇಂಥ ಪ್ರಶ್ನೆ ಬಂದರೆ ಅದನ್ನು ಬಿಟ್ಟು ಮುಂದೆ ಹೋಗುವವರೇ ಹೆಚ್ಚು. ಬರೆಯುವವರೂ ಸೂತ್ರವನ್ನು ಬಾಯಿಪಾಠ ಮಾಡಿ, ಅಂಕೆಗಳನ್ನು ಅದರಲ್ಲಿ ತುಂಬಿ, ಬಂದ ಉತ್ತರದ ಕೆಳಗೆ ಎರಡು ಗೆರೆ ಎಳೆದು ನಿಶ್ಚಿಂತರಾಗುತ್ತಾರೆ. ಆ ಉತ್ತರವು ಯಾವ ವಸ್ತುವಿನ ಮಾತನ್ನು ಹೇಳುತ್ತದೆ, ಅದು ಲೋಕದಲ್ಲಿ ನಡೆಯುವ ಮಾತೇ ಎಂದು ಕೇಳಿಕೊಳ್ಳುವವರು ವಿರಳ.

ಹೋದ ಮಳೆಗಾಲದಲ್ಲಿ ಹತ್ತನೆಯ ತರಗತಿಯ ಮಕ್ಕಳಿಗೆ ನಾವು ಒಂದು ಮನೆಲೆಕ್ಕವನ್ನು ಕೊಟ್ಟಿದ್ದೆವು. ಆ ಒಂದು ಲೆಕ್ಕವು ಮಕ್ಕಳಿಗೆ ಕಲಿಸಿದುದಕ್ಕಿಂತ ನಮಗೇ ಹೆಚ್ಚು ಕಲಿಸಿತು. ಅದನ್ನೇ ಈ ಸಂಚಿಕೆಯಲ್ಲಿ ಪಾಠರೂಪವಾಗಿ ಬರೆಯುತ್ತಿದ್ದೇವೆ. ಕಾಸರಗೋಡಿನ ಈ ಕಡೆ ಅಡಿಕೆತೋಟವಿಲ್ಲದ ಊರು ಕಡಿಮೆ. ಕೊಳೆರೋಗಕ್ಕೆ ಮದ್ದು ಬಿಡುವುದನ್ನು ಕಾಣದ ಮಗುವೂ ಕಡಿಮೆ. ಆದುದರಿಂದ ಲೆಕ್ಕವನ್ನೂ ತೋಟದಿಂದಲೇ ಆರಿಸಿದೆವು:

“೧ ಕಿಲೋಗ್ರಾಂ ಮೈಲುತುತ್ತದೊಂದಿಗೆ ಪೂರ್ಣವಾಗಿ ವರ್ತಿಸಲು ಎಷ್ಟು ಸುಣ್ಣ ಬೇಕು?”

ಮರುದಿನ ಬಂದ ಪುಸ್ತಕಗಳಲ್ಲಿ ನಾಲ್ಕು ಬಗೆಯ ಉತ್ತರಗಳಿದ್ದವು. ಕೆಲವರು ೧೦೦೦ ಗ್ರಾಂ ಎಂದಿದ್ದರು. ಬಹಳ ಮಂದಿ ೪೬೪ ಗ್ರಾಂ ಎಂದಿದ್ದರು. ಒಬ್ಬಳು ೨೯೭ ಗ್ರಾಂ ಎಂದೂ, ಒಬ್ಬನು ೨೨೪ ಗ್ರಾಂ ಎಂದೂ ಬರೆದಿದ್ದರು. ನಮ್ಮ ಟಿಪ್ಪಣಿ ಪುಸ್ತಕದಲ್ಲಿ ನಾವು ಮಾಡಿಟ್ಟುಕೊಂಡಿದ್ದ ಉತ್ತರವು ೪೬೪. ಅದಕ್ಕೆ ಸರಿ ಹಾಕಿ, ಉಳಿದ ಮೂರಕ್ಕೂ ತಪ್ಪು ಹಾಕಿದೆವು. ೨೯೭ ಎಂದು ಬರೆದಿದ್ದ ಹುಡುಗಿಯು ತನ್ನ ಉತ್ತರದ ಕೆಳಗೆ ಸಣ್ಣ ಅಕ್ಷರಗಳಲ್ಲಿ ಒಂದು ಮಾತನ್ನು ಸೇರಿಸಿದ್ದಳು: “ಆದರೆ ನಮ್ಮ ಮನೆಯಲ್ಲಿ ಒಂದು ಕಿಲೋ ಮೈಲುತುತ್ತಕ್ಕೆ ಒಂದು ಕಿಲೋ ಸುಣ್ಣ ಹಾಕುತ್ತಾರೆ. ಯಾವುದು ಸರಿ?”

ಈ ಪ್ರಶ್ನೆಗೆ ಉತ್ತರ ಹೇಳದೆ ಪುಸ್ತಕವನ್ನು ಹಿಂದಿರುಗಿಸುವುದು ಉಪಾಧ್ಯಾಯ ಧರ್ಮವಲ್ಲವೆಂದು ತೋರಿತು. ಲೆಕ್ಕವನ್ನು ಮತ್ತೆ ಮೊದಲಿನಿಂದ ಮಾಡಲು ಕುಳಿತೆವು.

ಎಣಿಕೆಯ ಮಾತು, ತೂಕದ ಮಾತು

ಮೊದಲು ಒಂದು ವೀಳ್ಯದ ಲೆಕ್ಕವನ್ನು ಮಾಡೋಣ. ಮದುವೆಯ ಮನೆಯಲ್ಲಿ ಎರಡು ಎಲೆಗೆ ಒಂದು ಅಡಿಕೆಯಂತೆ ವೀಳ್ಯ ಕಟ್ಟಬೇಕೆಂದು ಯಜಮಾನರು ಹೇಳಿದ್ದಾರೆ. ತಟ್ಟೆಯಲ್ಲಿ ೧೦೦ ಎಲೆ, ೪೦ ಅಡಿಕೆ ಇವೆ. ಎಷ್ಟು ವೀಳ್ಯವಾಗುವುದು? ನಲವತ್ತೇ. ಅಡಿಕೆ ಮುಗಿದ ಮೇಲೆ ಉಳಿದ ಇಪ್ಪತ್ತು ಎಲೆಗಳು ತಟ್ಟೆಯಲ್ಲಿಯೇ ಉಳಿಯುತ್ತವೆ. ಎಲೆಗಳ ಸಂಖ್ಯೆ ಹೆಚ್ಚು ಎಂದು ವೀಳ್ಯವು ಹೆಚ್ಚಾಗಲಿಲ್ಲ. ಯಾವುದು ಮೊದಲು ಮುಗಿಯುವುದೋ ಅದೇ ಕೆಲಸದ ಮಿತಿಯನ್ನು ನಿಶ್ಚಯಿಸುತ್ತದೆ.

ಇನ್ನು ಇದನ್ನೇ ತೂಕದಲ್ಲಿ ನೋಡಿ. ಒಂದು ಎಲೆ ೩ ಗ್ರಾಂ, ಒಂದು ಅಡಿಕೆ ೯ ಗ್ರಾಂ ಎಂದು ಇಟ್ಟುಕೊಳ್ಳಿ. ಒಂದು ವೀಳ್ಯದಲ್ಲಿ ಎಲೆ ೬ ಗ್ರಾಂ, ಅಡಿಕೆ ೯ ಗ್ರಾಂ. ಎಣಿಕೆಯಲ್ಲಿ ಎಲೆಯು ಅಡಿಕೆಯ ಎರಡರಷ್ಟು. ತೂಕದಲ್ಲಿ ಎಲೆಯೇ ಕಡಿಮೆ. ಎರಡೂ ನಿಜವೇ. ಆದರೆ ಎಣಿಕೆಯ ಮಾತನ್ನು ತೂಕದ ಮಾತೆಂದು ತಿಳಿದು, “ಎರಡು ಕಿಲೋ ಎಲೆಗೆ ಒಂದು ಕಿಲೋ ಅಡಿಕೆ ತನ್ನಿ” ಎಂದು ಅಂಗಡಿಗೆ ಆಳನ್ನು ಕಳುಹಿಸಿದರೆ ಮದುವೆಮನೆಯಲ್ಲಿ ಎಲೆಗಳ ರಾಶಿಯೇ ಮಿಗುವುದು.

ರಾಸಾಯನಿಕ ಸಮೀಕರಣವು ಯಾವಾಗಲೂ ಎಣಿಕೆಯ ಮಾತನ್ನೇ ಆಡುತ್ತದೆ. ಇಷ್ಟು ಅಣುಗಳಿಗೆ ಇಷ್ಟು ಅಣುಗಳು ಎಂದಷ್ಟೇ ಅದು ಹೇಳುತ್ತದೆ. ನಮ್ಮ ಕೈಯಲ್ಲಿರುವ ತಕ್ಕಡಿಯಾದರೋ ತೂಕದ ಮಾತನ್ನು ಮಾತ್ರ ಬಲ್ಲುದು. ಈ ಎರಡು ಭಾಷೆಗಳ ನಡುವೆ ದುಭಾಷಿಯಂತೆ ನಿಲ್ಲುವುದು ಅಣುತೂಕ. ಅಣುವನ್ನು ಒಂದೊಂದಾಗಿ ಎಣಿಸುವುದು ಸಾಧ್ಯವಿಲ್ಲದುದರಿಂದ ವಿಜ್ಞಾನಿಗಳು ಮೋಲ್ ಎಂಬ ಒಂದು ಎಣಿಕೆಯ ಕಂತೆಯನ್ನು ಮಾಡಿಕೊಂಡಿದ್ದಾರೆ. ಹನ್ನೆರಡಕ್ಕೆ ಡಜನ್ ಎನ್ನುವಂತೆ, ೬.೦೨೨೧೪೦೭೬ನ್ನು ೧೦ರ ೨೩ನೆಯ ಘಾತದಿಂದ ಗುಣಿಸಿದಷ್ಟು ಕಣಗಳಿಗೆ ಒಂದು ಮೋಲ್ ಎಂದು ಹೆಸರು. ೨೦೧೯ರ ಮೇ ೨೦ರಿಂದ ಈ ಸಂಖ್ಯೆಯೇ ಮೋಲಿನ ವ್ಯಾಖ್ಯೆಯಾಗಿದೆ. ಯಾವುದೇ ವಸ್ತುವಿನ ಒಂದು ಮೋಲಿನ ತೂಕವು, ಅದರ ಅಣುತೂಕ ಎಷ್ಟೋ ಅಷ್ಟು ಗ್ರಾಂ ಎಂದು ನೆನಪಿಟ್ಟರೆ ನಮ್ಮ ಕೆಲಸಕ್ಕೆ ಸಾಕು.

ತೂಕವು ಎಲ್ಲಿಯೂ ಕಳೆದುಹೋಗದು

ಈ ಲೆಕ್ಕಗಳೆಲ್ಲಕ್ಕೂ ಆಧಾರವಾದ ಎರಡು ನಿಯಮಗಳುಂಟು. ಮೊದಲನೆಯದು, ರಾಸಾಯನಿಕ ಕ್ರಿಯೆಯಲ್ಲಿ ಒಟ್ಟು ತೂಕವು ಹೆಚ್ಚುವುದೂ ಇಲ್ಲ, ಕುಂದುವುದೂ ಇಲ್ಲ ಎಂಬುದು. ಫ್ರಾನ್ಸಿನ ಲವಾಸಿಯೇ ಎಂಬ ವಿಜ್ಞಾನಿಯು ತಕ್ಕಡಿಯನ್ನು ಮುಂದಿಟ್ಟುಕೊಂಡು ಪ್ರಯೋಗಗಳನ್ನು ಮಾಡಿ, ೧೭೮೯ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದನು. ಎರಡನೆಯದು, ಒಂದು ಸಂಯುಕ್ತ ವಸ್ತುವಿನಲ್ಲಿ ಅದರ ಮೂಲವಸ್ತುಗಳು ಸದಾ ಒಂದೇ ಪ್ರಮಾಣದಲ್ಲಿರುತ್ತವೆ ಎಂಬುದು. ಸ್ಪೇನ್ ದೇಶದಲ್ಲಿ ಕೆಲಸ ಮಾಡುತ್ತಿದ್ದ ಪ್ರೂ ಎಂಬ ಫ್ರೆಂಚ್ ರಸಾಯನಜ್ಞನು ತಾಮ್ರದ ಕಾರ್ಬೋನೇಟನ್ನು ಪರೀಕ್ಷಿಸಿ, ಅದು ಗಣಿಯಿಂದ ಬಂದುದಾಗಲಿ, ಪ್ರಯೋಗಶಾಲೆಯಲ್ಲಿ ಮಾಡಿದುದಾಗಲಿ, ಅದರಲ್ಲಿನ ತಾಮ್ರದ ಪ್ರಮಾಣವು ಒಂದೇ ಎಂದು ೧೭೯೯ರಲ್ಲಿ ತೋರಿಸಿದನು. ಈ ಎರಡು ನಿಯಮಗಳಿಲ್ಲದಿದ್ದರೆ ರಸಾಯನಶಾಸ್ತ್ರದಲ್ಲಿ ಲೆಕ್ಕವೆಂಬುದೇ ಇರುತ್ತಿರಲಿಲ್ಲ.

ಲೆಕ್ಕ ಮಾಡುವ ಉಪಾಯವಂತೂ ನಮಗೆ ಹೊಸದಲ್ಲ. ಅದು ನಮ್ಮ ಹಿರಿಯರು ಬಲ್ಲ ತ್ರೈರಾಶಿಕವೇ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನವನ್ನೇ ಕೊಟ್ಟಿದ್ದಾನೆ. ಇಷ್ಟಕ್ಕೆ ಇಷ್ಟಾದರೆ ಅಷ್ಟಕ್ಕೆ ಎಷ್ಟು ಎಂದು ಜಿನಸಿನ ಅಂಗಡಿಯಲ್ಲಿ ಲೆಕ್ಕ ಹಾಕಬಲ್ಲ ಮಗುವು ರಸಾಯನಶಾಸ್ತ್ರದ ಲೆಕ್ಕಕ್ಕೆ ಹೆದರಬೇಕಾದ ಕಾರಣವಿಲ್ಲ.

ನಾಲ್ಕು ಉತ್ತರಗಳ ವಿಚಾರ

ಈಗ ನಮ್ಮ ಲೆಕ್ಕಕ್ಕೆ ಬರೋಣ. ಮೈಲುತುತ್ತವೆಂದರೆ ತಾಮ್ರದ ಸಲ್ಫೇಟಿನ ನೀಲಿ ಹರಳು. ಅದು ನೀರಿನಲ್ಲಿ ಅರಳಿದ ಸುಣ್ಣದೊಡನೆ ಕೂಡಿದಾಗ ನಡೆಯುವ ಕ್ರಿಯೆಯನ್ನು ಪಾಠದ ಮಟ್ಟಿಗೆ ಹೀಗೆ ಬರೆಯಬಹುದು:

ತಾಮ್ರದ ಸಲ್ಫೇಟ್ + ಕ್ಯಾಲ್ಸಿಯಂ ಹೈಡ್ರಾಕ್ಸೈಡ್ → ತಾಮ್ರದ ಹೈಡ್ರಾಕ್ಸೈಡ್ + ಕ್ಯಾಲ್ಸಿಯಂ ಸಲ್ಫೇಟ್

ಇಲ್ಲಿ ಒಂದು ಅಣುವಿಗೆ ಒಂದು ಅಣು, ಉಂಟಾಗುವುದೂ ಒಂದೊಂದೇ. ಪೀಪಾಯಿಯಲ್ಲಿ ನಿಜವಾಗಿ ನಡೆಯುವ ಕ್ರಿಯೆ ಇದಕ್ಕಿಂತ ಜಟಿಲವಾದುದು. ಸಲ್ಫೇಟಿನ ಅಂಶವನ್ನು ಉಳಿಸಿಕೊಂಡ ತಾಮ್ರದ ಬೇರೆ ಸಂಯುಕ್ತಗಳೂ ಅಲ್ಲಿ ಉಂಟಾಗುತ್ತವೆ. ಆದರೆ ತೂಕದ ಲೆಕ್ಕವನ್ನು ಕಲಿಯುವುದಕ್ಕೆ ಈ ಸಮೀಕರಣವು ಸಾಕು.

ಪರಮಾಣುತೂಕಗಳನ್ನು ತಾಮ್ರ ೬೩.೫, ಗಂಧಕ ೩೨, ಆಮ್ಲಜನಕ ೧೬, ಜಲಜನಕ ೧, ಕ್ಯಾಲ್ಸಿಯಂ ೪೦ ಎಂದು ಹಿಡಿಯೋಣ.

ಒಂದನೆಯ ಉತ್ತರ, ೧೦೦೦ ಗ್ರಾಂ. ಸಮೀಕರಣದಲ್ಲಿ ಒಂದಕ್ಕೆ ಒಂದು ಎಂದಿರುವುದರಿಂದ ಒಂದು ಕಿಲೋಗೆ ಒಂದು ಕಿಲೋ ಎಂದು ಈ ಮಕ್ಕಳು ತಿಳಿದರು. ಮನೆಯಲ್ಲಿಯೂ ಹಾಗೆಯೇ ಹಾಕುವುದನ್ನು ಕಂಡಿದ್ದರಿಂದ ಅವರ ಧೈರ್ಯ ಹೆಚ್ಚಿತು. ಇದು ಎಣಿಕೆಯನ್ನು ತೂಕವೆಂದು ತಿಳಿದ ತಪ್ಪು. ಮನೆಯ ರೂಢಿಯು ಸರಿಯಾದುದೇ, ಆದರೆ ಅದಕ್ಕೆ ಕಾರಣ ಸಮೀಕರಣದ ‘ಒಂದು’ ಅಲ್ಲ. ಈ ಬಗೆಯ ತಪ್ಪನ್ನು ನೀರಿನ ಉದಾಹರಣೆಯಲ್ಲಿ ಬೇಗನೆ ಕಾಣಬಹುದು. ಎರಡು ಅಣು ಜಲಜನಕ, ಒಂದು ಅಣು ಆಮ್ಲಜನಕ ಕೂಡಿ ಎರಡು ಅಣು ನೀರಾಗುತ್ತದೆ. ಹಾಗೆಂದು ೨ ಗ್ರಾಂ ಜಲಜನಕಕ್ಕೆ ೧ ಗ್ರಾಂ ಆಮ್ಲಜನಕ ಸಾಲದು. ೪ ಗ್ರಾಂ ಜಲಜನಕಕ್ಕೆ ೩೨ ಗ್ರಾಂ ಆಮ್ಲಜನಕ ಬೇಕು. ಆಗ ೩೬ ಗ್ರಾಂ ನೀರು.

ಎರಡನೆಯ ಉತ್ತರ, ೪೬೪ ಗ್ರಾಂ. ತಾಮ್ರದ ಸಲ್ಫೇಟಿನ ಅಣುತೂಕ ೬೩.೫ + ೩೨ + ೬೪ = ೧೫೯.೫. ಅರಳಿದ ಸುಣ್ಣದ ಅಣುತೂಕ ೪೦ + ೩೨ + ೨ = ೭೪. ಹೀಗೆ ೧೫೯.೫ ಗ್ರಾಮಿಗೆ ೭೪ ಗ್ರಾಂ. ೧೦೦೦ ಗ್ರಾಮಿಗೆ ೧೦೦೦ × ೭೪ ÷ ೧೫೯.೫ = ೪೬೪ ಗ್ರಾಂ. ಲೆಕ್ಕದ ಕ್ರಮದಲ್ಲಿ ಒಂದು ತಪ್ಪೂ ಇಲ್ಲ. ಆದರೆ ತಕ್ಕಡಿಯಲ್ಲಿ ಇಟ್ಟ ವಸ್ತುವು ಯಾವುದು? ಅಂಗಡಿಯಿಂದ ತಂದ ಮೈಲುತುತ್ತದ ಹರಳಿನಲ್ಲಿ ತಾಮ್ರದ ಸಲ್ಫೇಟಿನ ಒಂದೊಂದು ಘಟಕಕ್ಕೆ ಐದೈದು ನೀರಿನ ಅಣುಗಳು ಸೇರಿಕೊಂಡಿವೆ. ಹರಳಿನ ನೀಲಿ ಬಣ್ಣಕ್ಕೂ ಆ ನೀರೇ ಬೇಕು. ಗಾಜಿನ ನಳಿಗೆಯಲ್ಲಿ ಹರಳನ್ನು ಕಾಯಿಸಿದರೆ ನೀರು ಹೊರಟುಹೋಗಿ ಬಿಳಿಯ ಪುಡಿ ಉಳಿಯುತ್ತದೆ. ಆ ಪುಡಿಗೆ ಒಂದು ತೊಟ್ಟು ನೀರು ಬಿಟ್ಟೊಡನೆ ಮತ್ತೆ ನೀಲಿಯಾಗುತ್ತದೆ. ಈ ಪ್ರಯೋಗವನ್ನು ನಾವೇ ಎಷ್ಟೋ ಸಲ ಮಕ್ಕಳಿಗೆ ಮಾಡಿ ತೋರಿಸಿದ್ದೇವೆ. ಆದರೂ ಲೆಕ್ಕ ಮಾಡುವಾಗ ಅದು ನೆನಪಿಗೆ ಬರಲಿಲ್ಲ. ಪ್ರಯೋಗದ ಪಾಠ ಒಂದು ಕಡೆ, ಲೆಕ್ಕದ ಪಾಠ ಇನ್ನೊಂದು ಕಡೆ ಎಂದು ಮನಸ್ಸಿನಲ್ಲಿ ಬೇರೆ ಬೇರೆ ಕಪಾಟುಗಳಲ್ಲಿಟ್ಟರೆ ಉಪಾಧ್ಯಾಯರಾದರೂ ಹೀಗೆ ಎಡವುತ್ತಾರೆ.

ಮೂರನೆಯ ಉತ್ತರ, ೨೯೭ ಗ್ರಾಂ. ಐದು ನೀರಿನ ಅಣುಗಳ ತೂಕ ೫ × ೧೮ = ೯೦. ಹರಳಿನ ಪೂರ್ಣ ತೂಕ ೧೫೯.೫ + ೯೦ = ೨೪೯.೫. ಆದುದರಿಂದ:

೨೪೯.೫ ಗ್ರಾಂ ಮೈಲುತುತ್ತಕ್ಕೆ ಅರಳಿದ ಸುಣ್ಣ ೭೪ ಗ್ರಾಂ.
೧೦೦೦ ಗ್ರಾಂ ಮೈಲುತುತ್ತಕ್ಕೆ ೧೦೦೦ × ೭೪ ÷ ೨೪೯.೫ = ೨೯೬.೬ ಗ್ರಾಂ.

ಅಂದರೆ ಸುಮಾರು ೨೯೭ ಗ್ರಾಂ. ಇದೇ ಸರಿಯಾದ ಉತ್ತರ. ತಾಳೆ ನೋಡುವುದಾದರೆ, ಮೊದಲು ಇದ್ದುದು ೨೪೯.೫ + ೭೪ = ೩೨೩.೫ ಗ್ರಾಂ. ಕೊನೆಗೆ ತಾಮ್ರದ ಹೈಡ್ರಾಕ್ಸೈಡ್ ೯೭.೫, ಕ್ಯಾಲ್ಸಿಯಂ ಸಲ್ಫೇಟ್ ೧೩೬, ಹರಳಿನಿಂದ ಬಿಡುಗಡೆಯಾದ ನೀರು ೯೦, ಒಟ್ಟು ೩೨೩.೫ ಗ್ರಾಂ. ಲವಾಸಿಯೆಯ ನಿಯಮಕ್ಕೆ ಭಂಗವಿಲ್ಲ. ಒಂದು ಕಿಲೋ ಮೈಲುತುತ್ತವನ್ನು ಕೊಂಡವರು ಅದರಲ್ಲಿ ಸುಮಾರು ೩೬೧ ಗ್ರಾಂ ನೀರನ್ನೂ ಕೊಂಡಿರುತ್ತಾರೆ ಎಂಬುದು ಇದರಿಂದ ತಿಳಿಯುವ ಇನ್ನೊಂದು ಸಂಗತಿ.

ನಾಲ್ಕನೆಯ ಉತ್ತರ, ೨೨೪ ಗ್ರಾಂ. ಈ ಹುಡುಗನು ಸುಣ್ಣವೆಂದರೆ ಗೂಡಿನಿಂದ ಬಂದ ಸುಟ್ಟ ಸುಣ್ಣ ಎಂದು ತಿಳಿದು, ಅದರ ಅಣುತೂಕವಾದ ೫೬ನ್ನು ಹಿಡಿದಿದ್ದನು. ೧೦೦೦ × ೫೬ ÷ ೨೪೯.೫ = ೨೨೪.೪ ಗ್ರಾಂ. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿದಾಗ ೫೬ ಗ್ರಾಂ ಸುಣ್ಣವು ೧೮ ಗ್ರಾಂ ನೀರನ್ನು ಕುಡಿದು ೭೪ ಗ್ರಾಂ ಆಗುತ್ತದೆ. ಆದುದರಿಂದ ೨೨೪ ಗ್ರಾಂ ಸುಟ್ಟ ಸುಣ್ಣವೂ ೨೯೭ ಗ್ರಾಂ ಅರಳಿದ ಸುಣ್ಣವೂ ಒಂದೇ ಕೆಲಸವನ್ನು ಮಾಡುತ್ತವೆ. ಅವನ ಉತ್ತರವೂ ಸರಿಯೇ. ತಪ್ಪು ನಮ್ಮ ಪ್ರಶ್ನೆಯದು. ಯಾವ ಸುಣ್ಣ ಎಂದು ನಾವು ಬರೆದಿರಲಿಲ್ಲ.

ಹೀಗೆ ನಾವು ತಪ್ಪು ಹಾಕಿದ್ದ ಎರಡು ಉತ್ತರಗಳು ಸರಿಯಾದವು. ಸರಿ ಹಾಕಿದ್ದ ನಮ್ಮ ಉತ್ತರವು ತಪ್ಪಾಯಿತು. ಮರುದಿನ ತರಗತಿಯಲ್ಲಿ ಇದನ್ನು ಹಲಗೆಯ ಮೇಲೆ ಬರೆದು ತೋರಿಸಿ, ಪುಸ್ತಕಗಳನ್ನು ಮತ್ತೆ ತರಿಸಿಕೊಂಡು ತಿದ್ದಿದೆವು. ಉಪಾಧ್ಯಾಯನ ಮಾತೆಂದು ತಪ್ಪನ್ನು ಒಪ್ಪಿಕೊಳ್ಳಬಾರದು. ತಕ್ಕಡಿಯ ಮಾತನ್ನು ಕೇಳಬೇಕು ಎಂಬ ಪಾಠವು ಮಕ್ಕಳಿಗೆ ಆ ದಿನ ಲಭಿಸಿದ್ದರೆ ನಮ್ಮ ತಪ್ಪೂ ವ್ಯರ್ಥವಾಗಲಿಲ್ಲ.

ಮನೆಯ ರೂಢಿಗೆ ಕಾರಣವೇನು?

ಹುಡುಗಿಯ ಪ್ರಶ್ನೆ ಇನ್ನೂ ಉಳಿದಿತ್ತು. ೨೯೭ ಗ್ರಾಂ ಸಾಕಾದರೆ ಒಂದು ಕಿಲೋ ಹಾಕುವುದೇಕೆ? ಕೆಲವು ದಿನಗಳ ಮೇಲೆ ಆಕೆಯ ತಂದೆಯವರು ಪೋಷಕರ ಸಭೆಗೆ ಬಂದವರು ಅದೇ ಮಾತನ್ನು ಎತ್ತಿದರು.

“ಮಾಸ್ಟ್ರೇ, ನಮ್ಮ ಅಪ್ಪನ ಕಾಲದಿಂದ ಸಮ ಸಮ ಹಾಕಿಕೊಂಡು ಬಂದದ್ದು. ಮಗಳು ಮೂರರಲ್ಲೊಂದು ಪಾಲು ಸಾಕು ಎನ್ನುತ್ತಾಳೆ. ಆದರೆ ಈ ಸಲ ಸಮ ಹಾಕಿಯೂ ಒಂದು ಪೀಪಾಯಿ ಮದ್ದು ಬಿಟ್ಟ ಕಡೆ ಎಳೆಗಾಯಿಗಳ ಮೇಲೆ ಸುಟ್ಟ ಕಲೆ ಬಿದ್ದಿದೆ. ನಿಮ್ಮ ಪುಸ್ತಕ ಇದಕ್ಕೆ ಏನು ಹೇಳುತ್ತದೆ?” ಎಂದು ಕೇಳಿದರು.

“ಆ ದಿನದ ಸುಣ್ಣ ಉಳಿದಿದ್ದರೆ ಸ್ವಲ್ಪ ಕಳುಹಿಸಿಕೊಡಿ, ನೋಡುವಾ” ಎಂದು ಹೇಳಿ ಕಳುಹಿಸಿದೆವು.

ಇಲ್ಲಿ ಬೋರ್ಡೋ ದ್ರಾವಣದ ಸಂಗತಿಯನ್ನು ಸ್ವಲ್ಪ ಹೇಳಬೇಕು. ೧೮೮೨ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ಸಮೀಪದ ದ್ರಾಕ್ಷಿತೋಟಗಳಲ್ಲಿ ಬೂಜುರೋಗವು ಹಬ್ಬಿತ್ತು. ದಾರಿಯ ಅಂಚಿನ ಬಳ್ಳಿಗಳ ಹಣ್ಣನ್ನು ದಾರಿಹೋಕರು ಕದಿಯದಿರಲೆಂದು ಬೆಳೆಗಾರರು ಮೈಲುತುತ್ತ ಮತ್ತು ಸುಣ್ಣವನ್ನು ಕಲಸಿ ಅವುಗಳಿಗೆ ಹಚ್ಚಿದ್ದರು. ಹಾಗೆ ಹಚ್ಚಿದ ಬಳ್ಳಿಗಳ ಎಲೆ ಮಾತ್ರ ಉಳಿದಿರುವುದನ್ನು ಅಲ್ಲಿನ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದ ಮಿಲಾರ್ಡೆ ಅವರು ಕಂಡರು. ಪ್ರಯೋಗಗಳನ್ನು ನಡೆಸಿ ೧೮೮೫ರಲ್ಲಿ ಈ ಮದ್ದಿನ ಕ್ರಮವನ್ನು ಪ್ರಕಟಿಸಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗವನ್ನು ಅಭ್ಯಸಿಸಿ, ಅದೇ ಮದ್ದನ್ನು ಅಡಿಕೆಯ ಗೊನೆಗಳಿಗೆ ಬಿಡುವುದನ್ನು ಬಳಕೆಗೆ ತಂದರು. ಮಳೆಗಾಲಕ್ಕೆ ಮುಂಚೆ ಒಂದು ಸಲ, ಸುಮಾರು ೪೦-೪೫ ದಿನಗಳ ಮೇಲೆ ಇನ್ನೊಂದು ಸಲ ಮದ್ದು ಬಿಡುವುದು ಈಗಲೂ ನಡೆದುಬಂದ ಕ್ರಮ.

ಹಿರಿಯರು ೫ ಪೌಂಡು ಮೈಲುತುತ್ತ, ೫ ಪೌಂಡು ಸುಣ್ಣ, ೫೦ ಗ್ಯಾಲನ್ ನೀರು ಎನ್ನುತ್ತಿದ್ದರು. ಒಂದು ಗ್ಯಾಲನ್ ನೀರಿನ ತೂಕ ೧೦ ಪೌಂಡು. ಆದುದರಿಂದ ೫೦೦ ಪೌಂಡು ನೀರಿಗೆ ೫ ಪೌಂಡು, ಅಂದರೆ ನೂರಕ್ಕೆ ಒಂದು. ಇಂದಿನ ೧ ಕಿಲೋ ಮೈಲುತುತ್ತ, ೧ ಕಿಲೋ ಸುಣ್ಣ, ೧೦೦ ಲೀಟರ್ ನೀರು ಎಂಬುದೂ ಅದೇ ಲೆಕ್ಕ.

ಈ ಮದ್ದಿನಲ್ಲಿ ಸುಣ್ಣದ ಕೆಲಸವೇನು? ನೀರಿನಲ್ಲಿ ಕರಗಿದ ತಾಮ್ರದ ಸಲ್ಫೇಟು ನೇರವಾಗಿ ಎಲೆಗೆ, ಎಳೆಗಾಯಿಗೆ ತಾಗಿದರೆ ಸುಡುತ್ತದೆ. ಸುಣ್ಣವು ಆ ತಾಮ್ರವನ್ನು ಕರಗದ ರೂಪಕ್ಕೆ ತಂದು, ಗೊನೆಯ ಮೇಲೆ ತೆಳುವಾದ ನೀಲಿ ಲೇಪವಾಗಿ ನಿಲ್ಲುವಂತೆ ಮಾಡುತ್ತದೆ. ಸುಣ್ಣ ಹೆಚ್ಚಾದರೆ ಗೊನೆಗೆ ಅಷ್ಟೇನೂ ಕೇಡಿಲ್ಲ. ಕಡಿಮೆಯಾದರೆ ಕೇಡು ಖಂಡಿತ. ಆದುದರಿಂದ ೨೯೭ ಗ್ರಾಂ ಎಂಬುದು ಶುದ್ಧವಾದ, ಹೊಸದಾದ ಸುಣ್ಣದ ಕನಿಷ್ಠ ಪ್ರಮಾಣ. ಮಾರುಕಟ್ಟೆಯ ಸುಣ್ಣದಲ್ಲಿ ಮಣ್ಣು, ಕಲ್ಲು, ಸುಡದ ಚಿಪ್ಪು ಎಲ್ಲವೂ ಇರುವುದುಂಟು. ಬೆಳೆಗಾರನು ಪ್ರತಿಯೊಂದು ಚೀಲವನ್ನೂ ಪ್ರಯೋಗಶಾಲೆಗೆ ಕಳುಹಿಸಲಾರನು. ಸಮ ಸಮ ಹಾಕು ಎಂಬ ರೂಢಿಯು ಈ ಅನಿಶ್ಚಯಕ್ಕೆಲ್ಲ ಬಿಟ್ಟ ಅವಕಾಶ. ಪಾಠದ ಲೆಕ್ಕವೂ ಮನೆಯ ರೂಢಿಯೂ ವಿರೋಧಿಗಳಲ್ಲ; ಒಂದು ಎಷ್ಟು ಬೇಕೇ ಬೇಕು ಎಂದು ಹೇಳುತ್ತದೆ, ಇನ್ನೊಂದು ಎಷ್ಟಿದ್ದರೆ ಭಯವಿಲ್ಲ ಎಂದು ಹೇಳುತ್ತದೆ.

ಸತ್ತ ಸುಣ್ಣದ ಲೆಕ್ಕ

ಹಾಗಾದರೆ ಸಮ ಹಾಕಿಯೂ ಕಲೆ ಬಿದ್ದುದೇಕೆ? ಹುಡುಗಿಯು ತಂದ ಸುಣ್ಣವನ್ನು ತರಗತಿಯಲ್ಲಿಯೇ ಪರೀಕ್ಷಿಸಿದೆವು. ಚೀಲವು ಹಿಂದಿನ ವರ್ಷದ್ದು, ಬಾಯಿ ಬಿಚ್ಚಿ ಕೊಟ್ಟಿಗೆಯಲ್ಲಿದ್ದುದು ಎಂದು ಆಕೆ ಹೇಳಿದಳು. ಆ ಪುಡಿಗೆ ಸಾರಗುಂದಿಸಿದ ಹೈಡ್ರೋಕ್ಲೋರಿಕ್ ಆಮ್ಲವನ್ನು ಬಿಟ್ಟೊಡನೆ ಬುಸುಬುಸು ಎಂದು ನೊರೆ ಉಕ್ಕಿತು. ಹೊಸ ಸುಣ್ಣದಲ್ಲಿ ಹಾಗೆ ಉಕ್ಕಲಿಲ್ಲ. ನೊರೆ ಉಕ್ಕಿಸಿದುದು ಇಂಗಾಲದ ಡೈ ಆಕ್ಸೈಡ್. ಗಾಳಿಯಲ್ಲಿರುವ ಈ ಅನಿಲವನ್ನು ಸುಣ್ಣವು ತಿಂಗಳುಗಟ್ಟಲೆ ಹೀರಿಕೊಂಡು ಮತ್ತೆ ಸುಣ್ಣಕಲ್ಲಿನ ಸ್ವರೂಪವನ್ನೇ ಪಡೆದಿತ್ತು. ೭೪ ಕಿಲೋ ಅರಳಿದ ಸುಣ್ಣವು ಹೀಗೆ ಪೂರ್ಣವಾಗಿ ಬದಲಾದರೆ ೧೦೦ ಕಿಲೋ ಕಾರ್ಬೋನೇಟ್ ಆಗುತ್ತದೆ. ಚೀಲದ ತೂಕವು ಹೆಚ್ಚುತ್ತದೆ, ಸುಣ್ಣದ ಬಲವು ಕುಂದುತ್ತದೆ. ತಕ್ಕಡಿಯನ್ನು ಮಾತ್ರ ನಂಬಿದವನು ಇಲ್ಲಿ ಮೋಸಹೋಗುತ್ತಾನೆ.

ಆ ಸುಣ್ಣದಲ್ಲಿ ಜೀವವುಳಿದ ಸುಣ್ಣ ನೂರಕ್ಕೆ ಇಪ್ಪತ್ತು ಪಾಲು ಎಂದು ಇಟ್ಟುಕೊಂಡು ಮಕ್ಕಳಿಂದಲೇ ಲೆಕ್ಕ ಮಾಡಿಸಿದೆವು. ಒಂದು ಕಿಲೋದಲ್ಲಿ ಕೆಲಸಕ್ಕೆ ಬರುವುದು ೨೦೦ ಗ್ರಾಂ.

೭೪ ಗ್ರಾಂ ಸುಣ್ಣಕ್ಕೆ ಮೈಲುತುತ್ತ ೨೪೯.೫ ಗ್ರಾಂ.
೨೦೦ ಗ್ರಾಂ ಸುಣ್ಣಕ್ಕೆ ೨೦೦ × ೨೪೯.೫ ÷ ೭೪ = ೬೭೪.೩ ಗ್ರಾಂ.

ಇಲ್ಲಿ ಮೊದಲು ಮುಗಿಯುವುದು ಸುಣ್ಣ. ವೀಳ್ಯದ ಲೆಕ್ಕದಲ್ಲಿ ಅಡಿಕೆ ಮುಗಿದಂತೆ. ಉಳಿಯುವ ಮೈಲುತುತ್ತ ೧೦೦೦ − ೬೭೪.೩ = ೩೨೫.೭ ಗ್ರಾಂ. ಪೀಪಾಯಿಯಲ್ಲಿ ಸುಮಾರು ಮೂರರಲ್ಲೊಂದು ಪಾಲು ತಾಮ್ರವು ಹಾಗೆಯೇ ಕರಗಿ ನಿಂತಿರುತ್ತದೆ. ಎಳೆಗಾಯಿಗೆ ಅದೇ ಸಾಕು.

ಅನಂತರ ಎರಡು ಗಾಜಿನ ಪಾತ್ರೆಗಳಲ್ಲಿ ೧೦ ಗ್ರಾಂ ಮೈಲುತುತ್ತ, ೧೦ ಗ್ರಾಂ ಸುಣ್ಣ, ೧ ಲೀಟರ್ ನೀರಿನಂತೆ ಮದ್ದನ್ನು ಮಾಡಿದೆವು. ಒಂದರಲ್ಲಿ ಹೊಸ ಸುಣ್ಣ, ಇನ್ನೊಂದರಲ್ಲಿ ಕೊಟ್ಟಿಗೆಯ ಸುಣ್ಣ. ಎರಡರಲ್ಲಿಯೂ ಉಜ್ಜಿ ತೊಳೆದ ಕಬ್ಬಿಣದ ಮೊಳೆಯನ್ನು ಮುಳುಗಿಸಿದೆವು. ಹೊಸ ಸುಣ್ಣದ ಪಾತ್ರೆಯ ಮೊಳೆ ಇದ್ದಂತೆಯೇ ಇತ್ತು. ಇನ್ನೊಂದರ ಮೊಳೆಯ ಮೇಲೆ ಕೆಲವೇ ನಿಮಿಷಗಳಲ್ಲಿ ಕೆಂಪು ಲೇಪ ಕೂತಿತು. ಅದು ತಾಮ್ರ. ಕರಗಿದ ತಾಮ್ರದ ಸಲ್ಫೇಟು ಕಬ್ಬಿಣಕ್ಕೆ ತಾಗಿದಾಗ ಕಬ್ಬಿಣವು ಕರಗಿ, ತಾಮ್ರವು ಹೊರಬೀಳುತ್ತದೆ. ೫೬ ಗ್ರಾಂ ಕಬ್ಬಿಣಕ್ಕೆ ೬೩.೫ ಗ್ರಾಂ ತಾಮ್ರ. ಮದ್ದನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದು ಎನ್ನುವುದಕ್ಕೂ ಇದೇ ಕಾರಣ. ಅನುಭವಸ್ಥರಾದ ಬೆಳೆಗಾರರು ಮದ್ದು ಬಿಡುವುದಕ್ಕೆ ಮುಂಚೆ ಚೂರಿಯ ಅಲಗನ್ನು ಅದ್ದಿ ನೋಡಿ, ಕೆಂಪಾದರೆ ಮತ್ತಷ್ಟು ಸುಣ್ಣದ ಹಾಲನ್ನು ಸೇರಿಸುತ್ತಾರೆ. ಅವರು ಸಮೀಕರಣವನ್ನು ಬರೆಯುವುದಿಲ್ಲ. ಸಮೀಕರಣವು ಹೇಳುವುದನ್ನು ಚೂರಿಯಿಂದ ಕೇಳುತ್ತಾರೆ.

ತೋಟದ ಕಲೆಗೆ ಸುಣ್ಣವೊಂದೇ ಕಾರಣವೆಂದು ನಾವು ತೀರ್ಪು ಕೊಡಲಿಲ್ಲ. ಆ ಪೀಪಾಯಿಯನ್ನು ನಾವು ಕಂಡವರಲ್ಲ. ಆದರೆ ಕೆಂಪಾದ ಮೊಳೆಯನ್ನು ಕಾಗದದಲ್ಲಿ ಸುತ್ತಿ ಹುಡುಗಿಯ ಕೈಯಲ್ಲಿ ಮನೆಗೆ ಕಳುಹಿಸಿದೆವು. ಮುಂದಿನ ಮದ್ದಿಗೆ ಹೊಸ ಸುಣ್ಣವನ್ನು ತಂದು, ಚೂರಿಯನ್ನು ಅದ್ದಿ ನೋಡಿಯೇ ಪಂಪಿಗೆ ಹಾಕಿದರೆಂದು ಆಕೆ ಬಂದು ಹೇಳಿದಳು.

ಲೆಕ್ಕ ಮಾಡುವ ಕ್ರಮ

ವಿದ್ಯಾರ್ಥಿಗಳು ಈ ಐದು ಮೆಟ್ಟಿಲುಗಳನ್ನು ಕ್ರಮವಾಗಿ ಏರತಕ್ಕದ್ದು.

೧. ತಕ್ಕಡಿಯಲ್ಲಿರುವ ವಸ್ತು ಯಾವುದೆಂದು ಮೊದಲು ನಿಶ್ಚಯಿಸಿರಿ. ಹರಳೋ ಪುಡಿಯೋ, ಸುಟ್ಟ ಸುಣ್ಣವೋ ಅರಳಿದ ಸುಣ್ಣವೋ, ಶುದ್ಧವೋ ಬೆರಕೆಯೋ ಎಂದು ನೋಡಿರಿ.
೨. ಸಮೀಕರಣವನ್ನು ಬರೆದು, ಎರಡು ಪಕ್ಕಗಳಲ್ಲಿಯೂ ಪರಮಾಣುಗಳ ಸಂಖ್ಯೆ ಸರಿಹೋಗುವಂತೆ ಮಾಡಿರಿ.
೩. ಪ್ರಶ್ನೆಗೆ ಸಂಬಂಧಿಸಿದ ವಸ್ತುಗಳ ಕೆಳಗೆ ಮಾತ್ರ, ಅಣುತೂಕವನ್ನು ಅಣುಗಳ ಸಂಖ್ಯೆಯಿಂದ ಗುಣಿಸಿ ಬರೆಯಿರಿ. ಅನಂತರ ತ್ರೈರಾಶಿಕವನ್ನು ಮಾಡಿರಿ.
೪. ಎರಡು ವಸ್ತುಗಳ ತೂಕವನ್ನೂ ಕೊಟ್ಟಿದ್ದರೆ ಯಾವುದು ಮೊದಲು ಮುಗಿಯುವುದೆಂದು ನೋಡಿ, ಅದರಿಂದಲೇ ಲೆಕ್ಕವನ್ನು ಆರಂಭಿಸಿರಿ.
೫. ಕೊನೆಗೆ ಒಟ್ಟು ತೂಕವನ್ನು ತಾಳೆ ನೋಡಿರಿ. ತಾಳೆಯಾಗದಿದ್ದರೆ ಎಲ್ಲಿಯೋ ಎಡವಿದ್ದೀರಿ.

ಅಭ್ಯಾಸ

೧. ಹೊಳೆಬಾಯಿಯ ಚಿಪ್ಪನ್ನು ಸುಟ್ಟು ಸುಣ್ಣ ಮಾಡುವಾಗ ೧೦೦ ಪಾಲು ಕ್ಯಾಲ್ಸಿಯಂ ಕಾರ್ಬೋನೇಟಿನಿಂದ ೫೬ ಪಾಲು ಸುಟ್ಟ ಸುಣ್ಣ ಬರುತ್ತದೆ. ಚಿಪ್ಪು ಶುದ್ಧ ಕಾರ್ಬೋನೇಟೆಂದು ಹಿಡಿದರೆ ೨೫ ಕಿಲೋ ಚಿಪ್ಪಿನಿಂದ ಸುಟ್ಟ ಸುಣ್ಣವೆಷ್ಟು? ಅದನ್ನು ಅರಳಿಸಿದರೆ ಎಷ್ಟು?
೨. ೧ ಕಿಲೋ ಮೈಲುತುತ್ತದಲ್ಲಿರುವ ತಾಮ್ರದ ತೂಕವೆಷ್ಟು?
೩. ೫೦೦ ಗ್ರಾಂ ಮೈಲುತುತ್ತಕ್ಕೆ ೧೦೦ ಗ್ರಾಂ ಶುದ್ಧವಾದ ಅರಳಿದ ಸುಣ್ಣವನ್ನು ಹಾಕಿದರೆ ಯಾವುದು ಉಳಿಯುವುದು? ಎಷ್ಟು?
೪. ೪ ಗ್ರಾಂ ಜಲಜನಕವನ್ನು ೪೦ ಗ್ರಾಂ ಆಮ್ಲಜನಕದಲ್ಲಿ ಉರಿಸಿದರೆ ನೀರೆಷ್ಟು? ಉಳಿಯುವುದು ಯಾವುದು?

ಉತ್ತರಗಳು: (೧) ೧೪ ಕಿಲೋ, ೧೮.೫ ಕಿಲೋ. (೨) ೨೫೪.೫ ಗ್ರಾಂ. (೩) ಮೈಲುತುತ್ತ, ೧೬೨.೮ ಗ್ರಾಂ. (೪) ನೀರು ೩೬ ಗ್ರಾಂ. ಆಮ್ಲಜನಕ ೮ ಗ್ರಾಂ.

ಮೈಲುತುತ್ತವು ವಿಷ, ಆಮ್ಲವು ಚರ್ಮವನ್ನು ಸುಡುವಂಥದು. ಆದುದರಿಂದ ಮೇಲಿನ ಪ್ರಯೋಗಗಳನ್ನು ಶಾಲೆಯಲ್ಲಿ ಉಪಾಧ್ಯಾಯರ ಎದುರಿನಲ್ಲಿಯೇ ಮಾಡತಕ್ಕದ್ದು.

ಪೋಷಕರಲ್ಲಿ ನಮ್ಮದೊಂದು ವಿಜ್ಞಾಪನೆ. ಮಕ್ಕಳು ಮನೆಯಲ್ಲಿ ಲೆಕ್ಕ ಮಾಡುತ್ತಿರುವಾಗ “ನಮಗೆ ಇದೆಲ್ಲ ತಿಳಿಯದು” ಎಂದು ದೂರ ಸರಿಯಬೇಡಿರಿ. ಕೊಟ್ಟಿಗೆಯ ತಕ್ಕಡಿಯನ್ನೂ ಸುಣ್ಣದ ಚೀಲವನ್ನೂ ಅವರಿಗೆ ತೋರಿಸಿರಿ. ನೀವು ಹಾಕುವ ಪ್ರಮಾಣವನ್ನು ಹೇಳಿ, ಅದೇಕೆ ಹಾಗೆ ಎಂದು ಅವರನ್ನೇ ಕೇಳಿರಿ. ತಾಯ್ನುಡಿಯಲ್ಲಿ ಕಲಿಯುವ ಮಗುವಿಗೆ ಒಂದು ಸೌಭಾಗ್ಯವುಂಟು: ತರಗತಿಯ ಮೈಲುತುತ್ತವೂ ತೋಟದ ಮೈಲುತುತ್ತವೂ ಅದಕ್ಕೆ ಒಂದೇ ಮಾತು. ಆ ಹುಡುಗಿಯು ಉತ್ತರದ ಕೆಳಗೆ ಪ್ರಶ್ನೆಯನ್ನು ಬರೆಯಲು ಸಾಧ್ಯವಾದುದೂ ಅದರಿಂದಲೇ. ಲೆಕ್ಕದ ಕೆಳಗೆ ಗೆರೆ ಎಳೆಯುವ ಮುನ್ನ ಅಂಥದೊಂದು ಪ್ರಶ್ನೆಯನ್ನು ಬರೆಯುವ ಅಭ್ಯಾಸವು ನಮ್ಮ ಎಲ್ಲ ಮಕ್ಕಳಿಗೂ ಬರಲಿ ಎಂದು ಹಾರೈಸುತ್ತೇವೆ.

— ಮುಖ್ಯೋಪಾಧ್ಯಾಯರು